ಕಾಂಗ್ರೆಸ್ ಗಿಡದ ಅಲರ್ಜಿ: ಪತ್ತೆ ಮಾಡುವುದು ಹೇಗೆ?

ಖಾಲಿ ಸೈಟು, ರಸ್ತೆ ಬದಿ, ಹೊಲದ ಬದು, ಎಲ್ಲೆಲ್ಲೂ ಕಾಂಗ್ರೆಸ್ ಗಿಡವೇ, ಅಂದರೆ ಪಾರ್ಥೇನಿಯಂ. ಅದರಿಂದ ಕೆಲವರಿಗೆ ಸೀನು, ಕೆಲವರಿಗೆ ಮೈ ಕೆರೆತ. ಇನ್ನು ಕೆಲವರು ಬರಿಗೈಯಲ್ಲಿ ಕಿತ್ತರೂ ಏನೂ ಆಗುವುದಿಲ್ಲ. ಗಿಡ ಒಂದೇ ಅಲ್ವಾ? ವ್ಯತ್ಯಾಸ ಇರುವುದು ನಮ್ಮ ರೋಗನಿರೋಧಕ ವ್ಯವಸ್ಥೆಯಲ್ಲಿ.

ಮೊದಲು ಗಡಿಯಾರ ನೋಡಿ. ಗಿಡದ ಹತ್ತಿರ ಹೋದ ಎಷ್ಟು ಹೊತ್ತಿಗೆ ತೊಂದರೆ ಶುರುವಾಯಿತು ಎಂದು ಬರೆದಿಡಿ. ವೈದ್ಯರಿಗೆ ಇದಕ್ಕಿಂತ ಒಳ್ಳೆಯ ಸುಳಿವು ಬೇಕಿಲ್ಲ.

ನಿಮಿಷಗಳಲ್ಲೇ ಸೀನು, ಕಣ್ಣು ತುರಿಕೆ ಬಂದರೆ ಅನುಮಾನ ಪರಾಗದ ಮೇಲೆ. ಹಿಂದೊಮ್ಮೆ ಪರಾಗ ಒಳಗೆ ಹೋದಾಗ ದೇಹ ಅದನ್ನು ಶತ್ರು ಎಂದುಕೊಂಡು ಐಜಿಇ ಎಂಬ ಪ್ರತಿಕಾಯ (ಶತ್ರುವನ್ನು ಗುರುತು ಹಿಡಿಯುವ ಪ್ರೋಟೀನ್) ತಯಾರಿಸಿರುತ್ತದೆ. ಅದು ಚರ್ಮ, ಮೂಗು, ಕಣ್ಣುಗಳಲ್ಲಿರುವ ಮಾಸ್ಟ್ ಕೋಶಗಳೆಂಬ ಕಾವಲು ಕೋಶಗಳಿಗೆ ಅಂಟಿಕೊಂಡು ಕೂತಿರುತ್ತದೆ. ಪರಾಗ ಮತ್ತೆ ತಗುಲಿದರೆ ಸಾಕು, ಆ ಕೋಶಗಳು ಸೀನು, ತುರಿಕೆ ತರಿಸುವ ಹಿಸ್ಟಮಿನ್ ಎಂಬ ರಾಸಾಯನಿಕ ಸುರಿಯುತ್ತವೆ. ‘ಇಷ್ಟು ವರ್ಷ ಇರಲಿಲ್ಲ, ಈಗ ಹೇಗೆ ಬಂತು?’ ಎಂದು ಕೇಳುವವರಿಗೆ ಉತ್ತರ ಇದೇ.

ಕಳೆ ಕಿತ್ತ ಮರುದಿನವೋ ಮೂರನೇ ದಿನವೋ ಕೈ, ಕತ್ತು, ಕಣ್ಣಿನ ರೆಪ್ಪೆ ಕೆಂಪಾಗಿ ಕೆರೆದರೆ ಲೆಕ್ಕ ಬೇರೆ. ಇದು ಟಿ ಕೋಶಗಳ, ಅಂದರೆ ಒಂದು ಬಗೆಯ ಬಿಳಿ ರಕ್ತಕಣಗಳ ಕೆಲಸ. ಗಿಡದಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕದ ಮೇಲೆ ಅವು ನಿಧಾನವಾಗಿ ಮುಗಿಬೀಳುತ್ತವೆ. ಸೀನಿನ ಸೆಟಿರಿಜಿನ್ ಮಾತ್ರೆಯಿಂದ ಇದು ವಾಸಿಯಾಗುವುದಿಲ್ಲ.

ಪರೀಕ್ಷೆಯೂ ಎರಡು ಥರ. ಸೀನಿನವರಿಗೆ ಪ್ರಿಕ್ ಟೆಸ್ಟ್: ಮುಂಗೈ ಮೇಲೆ ಪರಾಗದ ಸಾರದ ಹನಿ ಹಾಕಿ ಸೂಜಿಯಿಂದ ಸಣ್ಣಗೆ ಚುಚ್ಚುತ್ತಾರೆ. 15–20 ನಿಮಿಷದಲ್ಲಿ 3 ಮಿ.ಮೀ. ಅಥವಾ ಹೆಚ್ಚು ಅಗಲದ ಗುಳ್ಳೆ ಎದ್ದರೆ ಪಾಸಿಟಿವ್. ಅಲರ್ಜಿ ಮಾತ್ರೆ ಎಷ್ಟು ದಿನ ಮೊದಲೇ ನಿಲ್ಲಿಸಬೇಕು ಎಂದು ವೈದ್ಯರನ್ನು ಕೇಳಿ. ಸುಮಾರು ಒಂದು ವಾರ ಹೇಳಬಹುದು. ಅಸ್ತಮಾ ಇದ್ದರೆ ಮುಚ್ಚಿಡಬೇಡಿ. ಕೆರೆತದವರಿಗೆ ಪ್ಯಾಚ್ ಟೆಸ್ಟ್: ಬೆನ್ನಿಗೆ ಗಿಡದ ಸಾರವಿರುವ ಪಟ್ಟಿ ಅಂಟಿಸಿ 48 ಗಂಟೆ ಬಿಡುತ್ತಾರೆ, ಆಮೇಲೆ ಮತ್ತೊಮ್ಮೆ ನೋಡುತ್ತಾರೆ. ಅಷ್ಟೂ ದಿನ ಬೆನ್ನು ನೆನೆಸುವ ಹಾಗಿಲ್ಲ. ಬೇಸಿಗೆಯಲ್ಲಿ ಇದು ಹಿಂಸೆಯೇ.

ಇನ್ನು, ಪಿತ್ತಗಂಧೆ ಆರು ವಾರ ದಾಟಿದರೂ ದಿನಾ ಏಳುತ್ತಿದೆ, ಯಾವ ಟೆಸ್ಟಿನಲ್ಲೂ ಏನೂ ಸಿಗುತ್ತಿಲ್ಲ ಎಂದರೆ ಸುಮ್ನೆ ಗಿಡವನ್ನೋ ಬದನೆಕಾಯಿಯನ್ನೋ ಬೈಯಬೇಡಿ. ಇಂಥ ಎಷ್ಟೋ ಜನರಲ್ಲಿ ಪ್ರತಿಕಾಯಗಳು ಸ್ವಂತ ಮಾಸ್ಟ್ ಕೋಶಗಳನ್ನೇ ಕೆಣಕುತ್ತಿರುತ್ತವೆ. ಹೊರಗಿನ ಶತ್ರುವೇ ಇರುವುದಿಲ್ಲ. ಇದು ಆಟೊಇಮ್ಯೂನ್ ತೊಂದರೆ. ಇವರಲ್ಲಿ ಕೆಲವರಿಗೆ ಥೈರಾಯ್ಡ್ ಮೇಲೂ ಅಂಥದ್ದೇ ದಾಳಿ ನಡೆದಿರುತ್ತದೆ. ಆದ್ದರಿಂದ ಥೈರಾಯ್ಡ್ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ಟಿಎಸ್‌ಎಚ್ ಜೊತೆಗೆ ಆ ದಾಳಿಯ ಪ್ರತಿಕಾಯ ಹುಡುಕುವ ಆಂಟಿ ಟಿಪಿಒ ರಕ್ತಪರೀಕ್ಷೆಯೂ ಬೇಕೇ ಎಂದು ಚರ್ಮದ ಡಾಕ್ಟರನ್ನು ಕೇಳಿ.