ದತ್ತು ಮಗುಗೆ ಹುಟ್ಟಿದ ದೇಶ ತೋರ್ಸೋಕೆ ಯಾವ ಸಿನಿಮಾ, ಹೆಂಗೆ?

ಇಂಡಿಯಾದಿಂದ ದತ್ತು ತಗೊಂಡ ಮಗು ಅಮೆರಿಕಾದಲ್ಲೋ ಆಸ್ಟ್ರೇಲಿಯಾದಲ್ಲೋ ಬೆಳೀತಿದ್ರೆ ಎಲ್ರೂ ಮೊದ್ಲು ಹೇಳೋದು 'ಲಯನ್' (2016) ತೋರ್ಸಿ ಅಂತ. ಸ್ವಲ್ಪ ತಡೀರಿ. ಆ ಸಿನಿಮಾದಲ್ಲಿ ಆಮೇಲೆ ದತ್ತು ಹೋಗೋ ಪುಟ್ಟ ಹುಡ್ಗ ಖಾಲಿ ಟ್ರೈನಲ್ಲಿ ನಿದ್ದೆ ಹೋಗಿ ಕೋಲ್ಕತ್ತಾದಲ್ಲಿ ಕಳ್ದುಹೋಗ್ತಾನೆ, ಅಣ್ಣನ ಹೆಸ್ರು ಕೂಗ್ತಾನೆ, ಚಿಕ್ಕ ಮಗು ಇದು ನನ್ ಕಥೇನೇ ಅನ್ಕೊಂಡು ಹೆದರ್ಕೋಬೋದು. ಅದು ಹೈಸ್ಕೂಲಿಗೆ ಇರ್ಲಿ, ಅದೂ ನೀವು ಮೊದ್ಲು ಒಂದ್ಸಲ ನೋಡಿದ್ಮೇಲೆ.

ಚಿಕ್ಕೋರಿಗೆ ಶಂಕರ್‌ನಾಗ್ ಅವ್ರ 'ಮಾಲ್ಗುಡಿ ಡೇಸ್' ಸೀರಿಯಲ್ಲೇ ಸಾಕು, ಆಗುಂಬೇಲಿ ಶೂಟ್ ಮಾಡಿರೋದು, ಎಪಿಸೋಡುಗಳೂ ಚಿಕ್ವು. ಅದ್ರಲ್ಲಿ ಸ್ವಾಮಿ ಅನ್ನೋ ಹುಡ್ಗ ಅಜ್ಜಿ ಹತ್ರ ಹೋಗಿ ಕೂರೋ ಕಡೆ ವಿಡಿಯೋ ನಿಲ್ಸಿ, ಜಗಲಿ, ಕಂಬ, ಅಂಗಳ ತೋರ್ಸಿ, ಮಗುನೇ ಕೇಳ್ಲಿ, ನೀವು ಕ್ಲಾಸ್ ತಗೋಬೇಡಿ. ಆದ್ರೆ ಅದು ಬ್ರಿಟಿಷರ ಕಾಲದ ಊರು ತಾನೆ, ಜೊತೆಗೆ ಇವತ್ತಿನ ಬೆಂಗ್ಳೂರು ಮೆಟ್ರೋ ವಿಡಿಯೋನೂ ಒಂದು ಹಾಕಿ.

ಮಗು ಒಡಿಶಾದ್ದಾದ್ರೆ ಒಡಿಯಾ ಸಿನಿಮಾನೇ ಹುಡ್ಕಿ, ಬಾಲಿವುಡ್ ಡಾನ್ಸ್ ಹಾಕಿ ಇದೇ ನಿಮ್ಮೂರು ಅಂದ್ರೆ ಅದು ಮೋಸ.

"ನನ್ನ ಹೆತ್ತಮ್ಮಾನೂ ಹಿಂಗೇ ಇದ್ರಾ" ಅಂತ ಕೇಳಿದ್ರೆ ಟಿವಿ ಆಫ್ ಮಾಡಿ. ಗೊತ್ತಿರೋದಷ್ಟೇ ಹೇಳಿ, ಗೊತ್ತಿಲ್ದೇ ಇದ್ರೆ ಗೊತ್ತಿಲ್ಲ ಅನ್ನಿ, ಸಿನಿಮಾದಲ್ಲಿರೋ ಅಮ್ಮನ್ನ ತಂದು ಆ ಜಾಗದಲ್ಲಿ ಕೂರಿಸ್ಬೇಡಿ.