ಗಾಡಿ ತಡೆದ ಪೊಲೀಸರ ಕೈ ಎಲ್ಲಿಯವರೆಗೆ ಬರಬಹುದು?

ಹೆಲ್ಮೆಟ್ ಇಲ್ಲದವರನ್ನು ತಡೆದು ದಂಡ ಹಾಕುವ ಅಧಿಕಾರ ಪೊಲೀಸರಿಗಿದೆ. ಅದೇ ಕಾರಣಕ್ಕೆ ಕಾಲರ್ ಹಿಡಿಯುವ ಅಧಿಕಾರ ಇಲ್ಲ. ದಂಡ ಕಟ್ಟಿ ಮುಗಿಯುವ ತಪ್ಪು ಕಾಗದದಲ್ಲೇ ಮುಗಿಯಬೇಕು. ಮೈಮೇಲೆ ಕೈ ಹಾಕಬೇಕಾದರೆ ಬಂಧನ ಇರಬೇಕು, ಬಂಧನಕ್ಕೆ ಕಾನೂನು ಹೇಳಿದ ಕಾರಣ ಇರಬೇಕು, ಬಲ ಬಳಸಬೇಕಾದರೆ ಆ ಬಂಧನವನ್ನು ನೀವು ಮೈಬಲದಿಂದ ತಡೆದಿರಬೇಕು. ಕರ್ನಾಟಕದ ರಸ್ತೆಗಳಲ್ಲಿ ನಡೆಯುವ ತಪಾಸಣೆಯನ್ನು ಅಳೆಯಲು ಈ ಮೂರು ಮೆಟ್ಟಿಲು ನೆನಪಿದ್ದರೆ ಮುಕ್ಕಾಲು ಪಾಲು ಗೊಂದಲ ಕಡಿಮೆಯಾಗುತ್ತದೆ.

ತಡೆಯುವ ಹೊತ್ತು

ಕಣ್ಣಿಗೆ ಕಾಣುವ ಸಂಚಾರ ಉಲ್ಲಂಘನೆ ಇಲ್ಲದೆ ಬರೀ ದಾಖಲೆ ನೋಡಲು ಗಾಡಿ ನಿಲ್ಲಿಸಬಾರದು, ಕುಡಿದು ಓಡಿಸುವವರ ತಪಾಸಣೆ ಮಾತ್ರ ಇದಕ್ಕೆ ಹೊರತು ಎಂದು ರಾಜ್ಯ ಪೊಲೀಸ್ ಮುಖ್ಯಸ್ಥರಾಗಿದ್ದ ಪ್ರವೀಣ್ ಸೂದ್ 2022ರ ಜೂನ್‌ನಲ್ಲೇ ಹೇಳಿದ್ದರು. ಆದರೂ 2025ರ ಮೇ ಕೊನೆಯಲ್ಲಿ ಮಂಡ್ಯದಲ್ಲಿ ತಪಾಸಣೆಗೆ ಬೈಕ್ ತಡೆದಾಗ ಬಿದ್ದು ಪುಟ್ಟ ಮಗುವೊಂದು ಸತ್ತಿತು; ಮೂವರು ಎಎಸ್‌ಐಗಳು ಅಮಾನತಾದರು. ಅದರ ಬೆನ್ನಿಗೇ ಡಿಜಿಪಿ ಎಂ.ಎ. ಸಲೀಂ ಅವರ ಸೂಚನೆ ಬಂತು: ಚಲಿಸುವ ಬೈಕಿಗೆ ಅಡ್ಡ ನುಗ್ಗಬಾರದು, ಕೀ ಕಿತ್ತುಕೊಳ್ಳಬಾರದು, ಹಿಂಬದಿ ಸವಾರರನ್ನು ಎಳೆಯಬಾರದು, ನಿಲ್ಲಿಸದೆ ಹೋದವರನ್ನು ಬೆನ್ನಟ್ಟುವ ಬದಲು ನಂಬರ್ ಬರೆದುಕೊಂಡು ಕಂಟ್ರೋಲ್ ರೂಮಿಗೆ ತಿಳಿಸಬೇಕು, ಬಾಡಿ ಕ್ಯಾಮೆರಾ ಹಾಕಿಕೊಂಡಿರಬೇಕು. ಇವು ಇಲಾಖೆಯ ಆದೇಶಗಳು. ಮುರಿದವರ ಮೇಲೆ ಶಿಸ್ತುಕ್ರಮ ಕೇಳಲು ಬಲವಾದ ಆಧಾರ. ಆದರೆ ‘ಆದೇಶ ಇದೆ, ನಿಲ್ಲಿಸಲ್ಲ’ ಎಂದು ಗಾಡಿ ಓಡಿಸಿಕೊಂಡು ಹೋಗಲು ಇವು ಪರವಾನಗಿಯಲ್ಲ. ಕಾನೂನುಬದ್ಧ ಸೂಚನೆಗೆ ಮಣಿಯದಿದ್ದರೆ ಮೋಟಾರು ವಾಹನ ಕಾಯ್ದೆಯ 179ನೇ ಸೆಕ್ಷನ್ ಪ್ರಕಾರ 2,000 ರೂಪಾಯಿವರೆಗೆ ದಂಡವಿದೆ.

ಕೈ ತೋರಿಸಿದರೆ ಇಂಡಿಕೇಟರ್ ಹಾಕಿ, ವೇಗ ಇಳಿಸಿ, ಎಡಕ್ಕೆ ಬನ್ನಿ. ಪೊಲೀಸರನ್ನು ಕಂಡೊಡನೆ ಯೂ-ಟರ್ನ್ ಹೊಡೆಯುವುದು ಎಲ್ಲಕ್ಕಿಂತ ಕೆಟ್ಟ ನಡೆ. ಎಳೆದಾಟ, ಬೀಳುವುದು, ಲಾಠಿ ಬೀಸುವುದು ಬಹುತೇಕ ಆ ಗಳಿಗೆಯಲ್ಲೇ ಆಗುತ್ತದೆ. ನಿಂತ ಕೂಡಲೇ ಎಂಜಿನ್ ಆಫ್ ಮಾಡಿ, ಸ್ಟ್ಯಾಂಡ್ ಹಾಕಿ, ಕೀಯನ್ನು ನೀವೇ ತೆಗೆದು ಜೇಬಿಗಿಟ್ಟುಕೊಳ್ಳಿ. ಎಲ್ಲಿ ಓಡಿಬಿಡುತ್ತಾರೋ ಎಂಬ ಭಯವೇ ಕೀಗೆ ಕೈ ಹಾಕಲು ನೆಪ. ಆಫ್ ಆದ ಗಾಡಿ ಆ ನೆಪವನ್ನು ಕಿತ್ತುಕೊಳ್ಳುತ್ತದೆ. ರಾತ್ರಿ ಕಾರಾದರೆ ಒಳಗಿನ ದೀಪ ಹಾಕಿ, ಗಾಜು ಇಳಿಸಿ, ಎರಡೂ ಕೈ ಸ್ಟೀರಿಂಗ್ ಮೇಲಿರಲಿ. ಡ್ಯಾಶ್‌ಬೋರ್ಡ್ ಖಾನೆಗೆ ಕೈ ಹಾಕುವ ಮುಂಚೆ ‘ದಾಖಲೆ ಅದರಲ್ಲಿದೆ, ತೆಗೀತೀನಿ’ ಎಂದು ಹೇಳಿ.

ದಾಖಲೆ, ಜಪ್ತಿ, ದಂಡ

ಸಮವಸ್ತ್ರದಲ್ಲಿರುವ ಯಾವ ಪೊಲೀಸ್ ಅಧಿಕಾರಿ ಕೇಳಿದರೂ ಡಿಎಲ್ ತೋರಿಸಬೇಕು (ಸೆಕ್ಷನ್ 130). ಇನ್ಶೂರೆನ್ಸ್, ಆರ್‌ಸಿ ಕೂಡ. ಸಮವಸ್ತ್ರವೇ ಇಲ್ಲದವರು ಕೇಳಿದರೆ ಗುರುತಿನ ಚೀಟಿ ಕೇಳಿ. ಕೇಂದ್ರ ಮೋಟಾರು ವಾಹನ ನಿಯಮ 139ರ 2018ರ ತಿದ್ದುಪಡಿಯಿಂದ ಡಿಜಿಟಲ್ ದಾಖಲೆಗೂ ಮಾನ್ಯತೆ ಇದೆ. ಆದರೆ ಅದು ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪಿನೊಳಗಿಂದ ತೆರೆದದ್ದಾಗಿರಬೇಕು. ವಾಟ್ಸಾಪಿನಲ್ಲಿ ಬಂದ ಫೋಟೋ, ಗ್ಯಾಲರಿಯ ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಜಗಳ ಶುರುವಾಗುವುದು ಇಲ್ಲೇ. ನೆಟ್‌ವರ್ಕ್ ಸಿಗದ ಕಡೆ ಆ್ಯಪ್ ಸುತ್ತುತ್ತಾ ಕೂರುತ್ತದೆ, ಹಾಗಾಗಿ ಹೊರಡುವ ಮುಂಚೆಯೇ ಒಮ್ಮೆ ತೆರೆದಿಡಿ.

ಡಿಎಲ್ ಇಟ್ಟುಕೊಳ್ಳಲು 206ನೇ ಸೆಕ್ಷನ್ ಅವಕಾಶ ಕೊಡುತ್ತದೆ. ದಾಖಲೆ ನಕಲಿ ಎಂಬ ಅನುಮಾನ, ನೀವು ಸಮನ್ಸ್ ತಪ್ಪಿಸಿಕೊಳ್ಳಬಹುದೆಂಬ ನಂಬಲರ್ಹ ಕಾರಣ, ಅಥವಾ 2019ರ ತಿದ್ದುಪಡಿ ಪಟ್ಟಿ ಮಾಡಿದ ತಪ್ಪು (ಅತಿವೇಗ, ಅಪಾಯಕಾರಿ ಚಾಲನೆ, ಕುಡಿತ, ಹೆಲ್ಮೆಟ್ ಇಲ್ಲದಿರುವುದು ಮುಂತಾದವು) ಇದ್ದರೆ ಮಾತ್ರ. ಇಟ್ಟುಕೊಂಡರೆ ಸ್ವೀಕೃತಿ ಚೀಟಿ ಕೊಡಲೇಬೇಕು. ಚೀಟಿ ಸಿಗುವ ತನಕ ಜಾಗ ಬಿಡಬೇಡಿ. ಗಾಡಿಯನ್ನೇ ವಶಪಡಿಸಿಕೊಳ್ಳುವುದು ಇನ್ನೂ ಕಿರಿದಾದ ಅಧಿಕಾರ: ಡಿಎಲ್ ಇಲ್ಲ, ವಯಸ್ಸಾಗಿಲ್ಲ, ನೋಂದಣಿ ಇಲ್ಲ, ಪರ್ಮಿಟ್ ಇಲ್ಲ ಅಥವಾ ಅದರ ಷರತ್ತು ಮೀರಿದೆ ಎಂಬಂಥ ಕಾರಣ ಇರಬೇಕು (ಸೆಕ್ಷನ್ 207). ಸಿಗ್ನಲ್ ಜಂಪ್‌ಗೆ ಅದು ಸಾಲದು.

ಸ್ಥಳದಲ್ಲೇ ದಂಡ ಕಟ್ಟುವುದು ನಿಮ್ಮ ಆಯ್ಕೆ, ಕಡ್ಡಾಯವಲ್ಲ. 200ನೇ ಸೆಕ್ಷನ್ ಅದನ್ನು ರಾಜಿ ಎಂದು ಕರೆಯುತ್ತದೆ. ಕಟ್ಟಿದರೆ ಪ್ರಕರಣ ಅಲ್ಲಿಗೆ ಮುಗಿಯಿತು, ಒಪ್ಪದಿದ್ದರೆ ಕೋರ್ಟಿಗೆ ಹೋಗಲಿ ಎನ್ನಬಹುದು. ವಸೂಲಿ ಮಾಡಲು ಸರ್ಕಾರ ಅಧಿಸೂಚಿಸಿದ ದರ್ಜೆಯ ಅಧಿಕಾರಿಯೇ ಬೇಕು. ಹೋಂಗಾರ್ಡ್‌ಗೆ ಆ ಅಧಿಕಾರವಿಲ್ಲ. ರಸೀದಿಯಲ್ಲಿ ಗಾಡಿ ನಂಬರ್, ಸೆಕ್ಷನ್, ಮೊತ್ತ ಸರಿಯಿದೆಯೇ ನೋಡಿ. ರಸೀದಿ ಇಲ್ಲದ ಹಣ ದಂಡವಲ್ಲ, ಲಂಚ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ಬಳಿಕ ಕೊಟ್ಟವರೂ ಅಪರಾಧಿಯೇ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಟ್ಟವರಿಗಷ್ಟೇ ವಿನಾಯಿತಿ. ಕರ್ನಾಟಕದಲ್ಲಿ ಅದಕ್ಕೆ ಲೋಕಾಯುಕ್ತ ಪೊಲೀಸರ ಬಳಿ ಹೋಗಬೇಕು. ಎಸಿಬಿಯನ್ನು (ಭ್ರಷ್ಟಾಚಾರ ನಿಗ್ರಹ ದಳ) ಹೈಕೋರ್ಟ್ 2022ರ ಆಗಸ್ಟ್‌ನಲ್ಲೇ ರದ್ದು ಮಾಡಿತು.

ಪೊಲೀಸರೇ ಹೆಲ್ಮೆಟ್ ಇಲ್ಲದೆ ಬಂದರೆ? ಮೋಟಾರು ವಾಹನ ಕಾಯ್ದೆ ಜಾರಿ ಮಾಡುವವರು ತಪ್ಪು ಮಾಡಿದರೆ ದಂಡ ಎರಡರಷ್ಟು ಎನ್ನುತ್ತದೆ ಅದರ 210ಬಿ ಸೆಕ್ಷನ್. ನಿಮಗೆ ದಂಡ ಬೀಳುತ್ತಿರುವ ಹೊತ್ತಿನಲ್ಲಿ ಅವರಿಗೆ ಇದನ್ನು ನೆನಪಿಸದಿರುವುದು ಜಾಣತನ.

ಊದುವ ಯಂತ್ರ

ಅನುಮಾನಕ್ಕೆ ತಕ್ಕ ಕಾರಣವಿದ್ದರೆ ಊದಿ ಎಂದು ಹೇಳಬಹುದು. ಮಿತಿ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ. ಹೊಸ ಕೊಳವೆ ಕೇಳಿ, ಊದುವ ಮುಂಚೆ ಯಂತ್ರ ಸೊನ್ನೆ ತೋರಿಸುವುದನ್ನು ನೋಡಿ, ಮುದ್ರಿತ ಚೀಟಿ ಕೇಳಿ. ಮೌತ್‌ವಾಶ್ ಅಥವಾ ಆಲ್ಕೋಹಾಲ್ ಇರುವ ಸಿರಪ್ ಆಗಷ್ಟೇ ಬಳಸಿದ್ದರೆ ಅಂಕಿ ಏರುತ್ತದೆ. ಆಗ ಅದನ್ನು ಹೇಳಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಊದಿಸುವಂತೆ ಕೇಳಿ. ಊದದೆ ನಿರಾಕರಿಸಿದರೆ ಆ ನಿರಾಕರಣೆಯೇ ನಿಮ್ಮ ವಿರುದ್ಧ ಸಾಕ್ಷ್ಯವಾಗಬಹುದು (ಸೆಕ್ಷನ್ 205), ರಕ್ತಪರೀಕ್ಷೆಗೂ ದಾರಿಯಾಗುತ್ತದೆ. ಹೆಣ್ಣುಮಕ್ಕಳ ರಕ್ತವನ್ನು ಪುರುಷ ವೈದ್ಯರು ತೆಗೆಯುವುದಾದರೆ ಮಹಿಳೆಯೊಬ್ಬರ ಎದುರಲ್ಲೇ ತೆಗೆಯಬೇಕು. ಕುಡಿತಕ್ಕೆ 202ರಡಿ ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಬೇಕು, ಆಗದಿದ್ದರೆ ಬಿಡಬೇಕು. ಹಾಗಾಗಿ ಬಂಧಿಸಿದ ಸಮಯವನ್ನು ನಿಮಿಷದ ಸಮೇತ ನೆನಪಿಡಿ.

ಬಂಧನ, ಬಲ

202ನೇ ಸೆಕ್ಷನ್ ವಾರಂಟ್ ಇಲ್ಲದ ಬಂಧನಕ್ಕೆ ಕೊಡುವ ಕಾರಣಗಳು ಬೆರಳೆಣಿಕೆಯಷ್ಟು: ಅಧಿಕಾರಿಯ ಕಣ್ಣೆದುರೇ ಅಪಾಯಕಾರಿ ಚಾಲನೆ, ಕುಡಿದು ಚಾಲನೆ, ಅನುಮತಿಯಿಲ್ಲದೆ ಬೇರೆಯವರ ಗಾಡಿ ಒಯ್ಯುವುದು, ಮತ್ತು ತಪ್ಪು ಮಾಡಿ ಹೆಸರು ವಿಳಾಸ ಹೇಳಲು ಒಪ್ಪದಿರುವುದು. ಕೊನೆಯದನ್ನು ಜನ ಗಮನಿಸುವುದೇ ಇಲ್ಲ. ‘ನನ್ನ ಹೆಸರು ಯಾಕೆ ಹೇಳಬೇಕು’ ಎಂಬ ಒಂದು ಮಾತು ಐನೂರು ರೂಪಾಯಿಯ ವಿಷಯವನ್ನು ಬಂಧನಕ್ಕೆ ತಂದು ನಿಲ್ಲಿಸಬಹುದು.

ಬಂಧಿಸುವಾಗಲೂ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 43 ಹೇಳುವುದು ಇಷ್ಟೆ: ಮಾತಿನಿಂದಲೋ ನಡೆಯಿಂದಲೋ ಶರಣಾಗದಿದ್ದರೆ ಮೈಮುಟ್ಟಿ ಹಿಡಿಯಬಹುದು, ಬಲವಾಗಿ ಎದುರಿಸಿದರೆ ಅಗತ್ಯ ಕ್ರಮ ಬಳಸಬಹುದು. ತಪ್ಪಿಸಿಕೊಳ್ಳದಂತೆ ತಡೆಯಲು ಬೇಕಾದುದಕ್ಕಿಂತ ಹೆಚ್ಚು ಕಟ್ಟಿಹಾಕಬಾರದು ಎಂದು 46 ಹೇಳುತ್ತದೆ. ‘ಸರ್, ಬರ್ತೀನಿ, ವಿರೋಧ ಮಾಡ್ತಿಲ್ಲ’ ಎಂದು ಸುತ್ತಲಿನವರಿಗೂ ಕೇಳುವಂತೆ ಹೇಳಿದ ಮೇಲೆ ಬೀಳುವ ಏಟಿಗೆ ಕಾನೂನಿನ ಆಸರೆ ಇಲ್ಲ. ಬೈಗುಳಕ್ಕೆ ಉತ್ತರವಾಗಿ ಕೊಟ್ಟ ಕೆನ್ನೆಯೇಟಿಗಂತೂ ಮೊದಲೇ ಇಲ್ಲ. ಮಹಿಳೆಯನ್ನು ಬಂಧಿಸುವಾಗ ಮಾತಿನ ಸೂಚನೆಯೇ ಸಾಕು ಎಂಬುದು ನಿಯಮ, ಪುರುಷ ಪೊಲೀಸರು ಮುಟ್ಟುವುದು ಅಪವಾದ. ಸೂರ್ಯ ಮುಳುಗಿ ಹುಟ್ಟುವವರೆಗೆ ಅಸಾಧಾರಣ ಸಂದರ್ಭದಲ್ಲಿ ಮಾತ್ರ, ಅದೂ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದು, ಬಂಧಿಸಬಹುದು. ಬಂಧನದ ಕಾರಣ ತಿಳಿಸುವುದು, ಸಾಕ್ಷಿ ಸಹಿಯ ಬಂಧನ ಪತ್ರ, ಮನೆಯವರಿಗೆ ಸುದ್ದಿ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರು ಇವು ಎಲ್ಲರಿಗೂ ಅನ್ವಯ.

ಎದುರು ಕಡೆಯ ಅಪಾಯವನ್ನೂ ಲೆಕ್ಕ ಹಾಕಿ. ಕೀ ಕಿತ್ತ ಕೈಯನ್ನು ತಳ್ಳಿದಿರಿ ಎಂದುಕೊಳ್ಳಿ. ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 132 ಸಿದ್ಧವಾಗಿರುತ್ತದೆ, ಸರ್ಕಾರಿ ನೌಕರರ ಕರ್ತವ್ಯಕ್ಕೆ ಅಡ್ಡಿಪಡಿಸಲು ಬಲಪ್ರಯೋಗ. ಎರಡು ವರ್ಷದವರೆಗೆ ಶಿಕ್ಷೆ, ಜಾಮೀನುರಹಿತ. ಅದೇ ನಿಮಗೆ ಬಿದ್ದ ಸಾಮಾನ್ಯ ಏಟು 115(2)ರಡಿ ಬರುತ್ತದೆ. ಅದಕ್ಕೆ ಜಾಮೀನೂ ಸುಲಭ, ಕೋರ್ಟಿನ ಅನುಮತಿ ಇಲ್ಲದೆ ತನಿಖೆಯೂ ಇಲ್ಲ. ತಕ್ಕಡಿ ಹೀಗೆ ಓರೆಯಾಗಿರುವಾಗ ನಿಮ್ಮ ಕೈ ನಿಮ್ಮ ಬಳಿಯೇ ಇರಲಿ. ವಿಡಿಯೋ ಮಾಡಿ. ಸಾರ್ವಜನಿಕ ರಸ್ತೆಯಲ್ಲಿ ಕರ್ತವ್ಯದಲ್ಲಿರುವ ಪೊಲೀಸರನ್ನು ಚಿತ್ರೀಕರಿಸಬಾರದು ಎಂಬ ಪ್ರತ್ಯೇಕ ಕಾನೂನಿಲ್ಲ. ಮುಖಕ್ಕೆ ಫೋನ್ ಹಿಡಿಯಬೇಡಿ, ಎರಡು ಹೆಜ್ಜೆ ದೂರ ನಿಂತು ಎದೆಮಟ್ಟದಲ್ಲಿ ಹಿಡಿಯಿರಿ. ಹಿಂಬದಿ ಸವಾರರು ಹಿಡಿದರೆ ಇನ್ನೂ ಒಳ್ಳೆಯದು. ನಾಮಫಲಕ, ಭುಜದ ಪಟ್ಟಿ, ಪೊಲೀಸ್ ವಾಹನದ ನಂಬರ್, ಸುತ್ತಲಿನ ಅಂಗಡಿಯ ಫಲಕ ಒಮ್ಮೆಯಾದರೂ ಚೌಕಟ್ಟಿಗೆ ಬರಲಿ.

ಏಟು ಬಿದ್ದ ಮೇಲೆ

ಮೊದಲು 112ಕ್ಕೆ ಕರೆ ಮಾಡಿ. ಆ ಕರೆಯ ಸಮಯವೇ ಒಂದು ದಾಖಲೆ. ಆಮೇಲೆ ಠಾಣೆಗಲ್ಲ, ಸರ್ಕಾರಿ ಆಸ್ಪತ್ರೆಗೆ ಹೋಗಿ. ಅದೇ ದಿನ ಎಂಎಲ್‌ಸಿ (ಕಾನೂನು ಪ್ರಕರಣಕ್ಕೆಂದು ಆಸ್ಪತ್ರೆ ಮಾಡುವ ಗಾಯದ ದಾಖಲೆ) ಮಾಡಿಸಿ, ಯಾರಿಂದ, ಯಾವುದರಿಂದ, ಎಷ್ಟು ಹೊತ್ತಿಗೆ ಗಾಯವಾಯಿತು ಎಂದು ವೈದ್ಯರು ಬರೆದುಕೊಳ್ಳುವಂತೆ ಹೇಳಿ. ಮುಜುಗರಕ್ಕೆ ‘ಬಿದ್ದೆ’ ಎಂದು ಬರೆಸಿದವರ ಪ್ರಕರಣ ಅಲ್ಲೇ ಸತ್ತಂತೆ. ಮೂಳೆ ಮುರಿದಿದ್ದರೆ, ಹಲ್ಲು ಬಿದ್ದಿದ್ದರೆ ಅದು ಗಂಭೀರ ಗಾಯ, ನೇರ ಎಫ್‌ಐಆರ್‌ಗೆ ಅರ್ಹ. ಕಂದಿದ ಗಾಯ ಎರಡು-ಮೂರು ದಿನಕ್ಕೆ ಬಣ್ಣ ತಿರುಗುತ್ತದೆ. ಪಕ್ಕದಲ್ಲಿ ಸ್ಕೇಲ್ ಇಟ್ಟು ದಿನಕ್ಕೊಂದು ಫೋಟೋ ತೆಗೆಯಿರಿ.

ವಿಡಿಯೋವನ್ನು ಕತ್ತರಿಸಬೇಡಿ. ಮೂಲ ಫೈಲ್ ಆ ಫೋನಿನಲ್ಲೇ ಇರಲಿ, ಹಂಚಿಕೊಳ್ಳಲು ಪ್ರತಿ ಬಳಸಿ. ಕೋರ್ಟಿನಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರದ ಜೊತೆ ಅದರ ಹ್ಯಾಶ್ ಮೌಲ್ಯ (ಫೈಲ್ ಬದಲಾಗಿಲ್ಲ ಎಂದು ತೋರಿಸುವ ಗುರುತು ಸಂಖ್ಯೆ) ಕೊಡಬೇಕಾಗುತ್ತದೆ. ವೃತ್ತದ ಸಿಸಿಟಿವಿ, ಬಾಡಿ ಕ್ಯಾಮೆರಾ ದೃಶ್ಯ ಅಳಿಸಿಹೋಗುವ ಮುಂಚೆ, ದಿನಾಂಕ, ಸಮಯ, ಜಾಗ ಬರೆದು ‘ಕಾಯ್ದಿರಿಸಿ’ ಎಂದು ಡಿಸಿಪಿ ಅಥವಾ ಎಸ್‌ಪಿಗೆ ಅರ್ಜಿ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಜೊತೆಗೆ ಆರ್‌ಟಿಐ ಅರ್ಜಿಯನ್ನೂ ಹಾಕಿ.

ಠಾಣೆಯಲ್ಲಿ ದೂರು ಬರೆಯುವಾಗ ಏಟಿನ ಜೊತೆ ಕೀ ಕಿತ್ತು ತಡೆದು ನಿಲ್ಲಿಸಿದ್ದನ್ನೂ ಬರೆಯಿರಿ. ಬರೀ ಏಟು ಎಂದರೆ ಎಫ್‌ಐಆರ್ ಬದಲು ಎನ್‌ಸಿಆರ್ (ಪೊಲೀಸರು ತಾವಾಗಿ ತನಿಖೆ ಮಾಡದ ಅಪರಾಧದ ವರದಿ) ಕೊಟ್ಟು ಕಳಿಸುತ್ತಾರೆ. ಅಕ್ರಮ ತಡೆ (ಬಿಎನ್‌ಎಸ್ 126) ಸೇರಿದರೆ ಪೊಲೀಸರೇ ತನಿಖೆ ನಡೆಸಬಹುದಾದ ಅಪರಾಧವಾಗುತ್ತದೆ. ದೂರು ಪಡೆದಿದ್ದಕ್ಕೆ ಠಾಣೆಯ ಲಿಖಿತ ಹಿಂಬರಹ ಕೇಳಿ ಪಡೆಯಿರಿ. ದಾಖಲಿಸದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ, ಆಮೇಲೆ ಮ್ಯಾಜಿಸ್ಟ್ರೇಟರ ಬಳಿ (ಬಿಎನ್‌ಎಸ್‌ಎಸ್ 173(4)). ಜಿಲ್ಲಾ ಪೊಲೀಸ್ ದೂರು ಪ್ರಾಧಿಕಾರ, ರಾಜ್ಯ ಮಾನವ ಹಕ್ಕುಗಳ ಆಯೋಗ ಬೇರೆಯೇ ದಾರಿಗಳು, ಜೊತೆಜೊತೆಗೇ ಹೋಗಬಹುದು. ಆಯೋಗಕ್ಕೆ ಘಟನೆ ನಡೆದು ಒಂದು ವರ್ಷದೊಳಗೆ ದೂರು ಕೊಡಬೇಕು.

ಖಾಸಗಿ ದೂರಿನ (ನೀವೇ ನೇರವಾಗಿ ಮ್ಯಾಜಿಸ್ಟ್ರೇಟರಿಗೆ ಕೊಡುವ ದೂರು) ಹಾದಿ ಹಿಡಿದರೆ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಸೆಕ್ಷನ್ ಎದುರಾಗುತ್ತದೆ. ಕರ್ತವ್ಯಕ್ಕೆ ನಂಟಿರುವ ಕೃತ್ಯ ಮಿತಿ ಮೀರಿದ್ದಾದರೂ ಸರ್ಕಾರದ ಪೂರ್ವಾನುಮತಿ ಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಡಿ. ದೇವರಾಜ ಪ್ರಕರಣದಲ್ಲಿ ಹೇಳಿದೆ; ನಂಟೇ ಇಲ್ಲದ್ದಕ್ಕೆ ಬೇಡ. ಅದಕ್ಕೇ ದೂರಿನಲ್ಲಿ ಕ್ರಮ ಮುಖ್ಯ. ‘ತಪಾಸಣೆ ವೇಳೆ ಹೊಡೆದರು’ ಎಂದು ಬರೆಯಬೇಡಿ. ಡಿಎಲ್ ತೋರಿಸಿದ್ದು, ದಂಡ ಕಟ್ಟಿ ರಸೀದಿ ಪಡೆದದ್ದು, ಹೊರಡಲು ಗಾಡಿ ತಿರುಗಿಸಿದ್ದು, ಆಮೇಲೆ ಏಟು ಬಿದ್ದದ್ದು, ನಡೆದದ್ದು ಹಾಗಿದ್ದರೆ, ಗಡಿಯಾರದ ಸಮಯ ಹಾಕಿ ಹಾಗೆಯೇ ಬರೆಯಿರಿ.