ಗುಳೆ ಹೋದ ಮಕ್ಕಳ ಹೆಸರನ್ನೂ ಕೂಗುತ್ತೇನೆ

ದೀಪಾವಳಿ ಮುಗಿದ ವಾರ ನಮ್ಮೂರ ಬಸ್ ಸ್ಟಾಪಿನಲ್ಲಿ ಗಂಟುಗಳು ಸಾಲಾಗಿ ಕೂತಿರುತ್ತವೆ. ಜೋಳದ ಹಿಟ್ಟಿನ ಚೀಲ, ಕೌದಿ, ಪಾತ್ರೆ, ಒಂದು ಪ್ಲಾಸ್ಟಿಕ್ ಕೊಡ. ಪಕ್ಕದಲ್ಲಿ ನಮ್ಮ ಶಾಲೆಯ ಮಕ್ಕಳು. ಬೆಂಗಳೂರಿಗೆ ಗುಳೆ ಹೊರಟವರು. ನಾನು ಪಾಠ ಮಾಡುವುದು ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಕಾಲುವೆ ನೀರು ಮುಟ್ಟದ ಊರು. ಮಳೆ ಕೈಕೊಟ್ಟರೆ ಕಟ್ಟಡದ ಕೆಲಸವೇ ಗತಿ.

ಇಲ್ಲಿಗೆ ಬಂದ ಮೊದಲ ವರ್ಷ ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ನಾಲ್ಕನೇ ತರಗತಿಯ ಒಬ್ಬ ಹುಡುಗಿ ನವೆಂಬರಿನಲ್ಲಿ ಹೋದಳು. ದಿನಾ ಅವಳ ಹೆಸರು ಕೂಗಿ ಗೈರು ಹಾಕುವುದು ಬೇಜಾರಾಗಿ, ಹೆಸರಿನ ಮೇಲೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದೆ. ಫೆಬ್ರವರಿಯಲ್ಲಿ ಊರ ಜಾತ್ರೆಗೆ ಅಂತ ಮನೆಯವರೆಲ್ಲ ಬಂದರು. ಅವಳು ಯಾರೂ ಹೇಳದೆಯೇ ಚೀಲ ಹಾಕಿಕೊಂಡು ಶಾಲೆಗೆ ಬಂದಳು, ಬಾಗಿಲ ಹತ್ತಿರ ಕೂತಳು. ನಾನು ಹಾಜರಿ ಕೂಗಿದೆ. ರೂಢಿಯಂತೆ ಅವಳ ಹೆಸರು ದಾಟಿ ಮುಂದಿನ ಹೆಸರಿಗೆ ಹೋದೆ. ಪುಸ್ತಕ ಮುಚ್ಚುವವರೆಗೂ ಅವಳು ಕಾದಳು. ಆಮೇಲೆ ಎದ್ದು ನಿಂತು, "ಅಕ್ಕೋರ, ನನ್ನ ಹೆಸರ ಕರೀಲಿಲ್ರೀ" ಅಂದಳು.

ತಕ್ಷಣ ಸೇರಿಸಿಕೊಂಡೆ. ಆದರೂ ಮರುದಿನ ಅವಳು ಬರಲಿಲ್ಲ. ಜಾತ್ರೆ ಮುಗಿಸಿ ಮತ್ತೆ ಹೋದವಳು ಆ ವರ್ಷ ತಿರುಗಿ ಬರಲೇ ಇಲ್ಲ.

ಅಲ್ಲಿವರೆಗೆ ಶಾಲೆ ಅಂದರೆ ಪಾಠ, ಪರೀಕ್ಷೆ, ಫಲಿತಾಂಶ ಅಂತಲೇ ನಾನು ತಿಳಿದಿದ್ದೆ. ಆ ಹುಡುಗಿ ಹೋದ ಮೇಲೆ ಊರನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಇಲ್ಲಿ ಊರ ಬಾಗಿಲಿನ ಅಗಸಿ ಕಟ್ಟೆ ಗಂಡಸರದು. ಗುಡಿಯೊಳಗೆ ಯಾರು ಹೋಗಬೇಕು, ಯಾರು ಹೊರಗೇ ನಿಲ್ಲಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಹೊಲ ಇದ್ದವರ ಮಾತಿಗೆ ಒಂದು ತೂಕ, ಇಲ್ಲದವರ ಮಾತಿಗೆ ಇನ್ನೊಂದು. ಎಲ್ಲ ಓಣಿಯ ಮಕ್ಕಳೂ ಒಂದೇ ಸಾಲಿನಲ್ಲಿ ಕೂತು ಒಂದೇ ಪಾತ್ರೆಯ ಅನ್ನ ಉಣ್ಣುವ ಜಾಗ ಶಾಲೆ ಒಂದೇ. ಅಲ್ಲೂ ಒಂದು ಹೆಸರು ದಾಟಿ ಹೋದರೆ ಆ ಮಗುವಿಗೆ ಊರಲ್ಲಿ ಉಳಿಯುವುದೇನು? ಊಟಕ್ಕೆ ಕೂರಿಸುವುದನ್ನೂ ನಾನು ಹಾಜರಿ ನಂಬರಿನ ಪ್ರಕಾರವೇ ಮಾಡಿದೆ. ಮೊದಲೆಲ್ಲ ಓಣಿವಾರು ಗುಂಪಾಗಿ ಕೂರುತ್ತಿದ್ದರು. ಒಂದಿಬ್ಬರು ತಂದೆಯರು ಬಂದು ಗೊಣಗಿದರು. ನಂಬರ್ ಬದಲಾಗಲ್ಲ, ಸಾಲೂ ಬದಲಾಗಲ್ಲ ಅಂದೆ. ಮಕ್ಕಳು ವಾರದಲ್ಲೇ ಒಗ್ಗಿಕೊಂಡರು.

ಗುಳೆಯ ವಿಷಯಕ್ಕೆ ಬರುತ್ತೇನೆ. ದೀಪಾವಳಿ ಹೊತ್ತಿಗೆ ಮಾತಾಡಲು ಹೋದರೆ ತಡ. ಮೇಸ್ತ್ರಿಯಿಂದ ಮುಂಗಡ ತಗೊಂಡಿರುತ್ತಾರೆ, ಹೋಗಲೇಬೇಕು. ಅದಕ್ಕೆ ಈಗ ಗಣೇಶನ ಹಬ್ಬ ಮುಗಿದ ಕೂಡಲೇ ಶುರು ಮಾಡುತ್ತೇನೆ. ಸಂಜೆ ಹೊತ್ತು, ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ಒಬ್ಬ ತಾಯಿಯನ್ನು ಜೊತೆಗೆ ಕರಕೊಂಡು ಮನೆ ಮನೆಗೆ ಹೋಗುತ್ತೇನೆ. ಒಬ್ಬಳೇ ಹೋದರೆ ಸರ್ಕಾರದವರು ಬಂದಂತೆ. ಅವರು ಜೊತೆಗಿದ್ದರೆ ಚಹಾ ಬರುತ್ತದೆ, ಮಾತು ಬಿಚ್ಚುತ್ತದೆ. "ಮಗೂನ ಯಾಕೆ ಕರಕೊಂಡು ಹೋಗ್ತೀರಿ" ಅಂತ ಕೇಳುವುದಿಲ್ಲ. ಯಾರು ಹೋಗುತ್ತೀರಿ, ಮನೆಯಲ್ಲಿ ಯಾರು ಉಳಿಯುತ್ತಾರೆ, ರಾತ್ರಿ ರೊಟ್ಟಿ ಮಾಡುವವರು ಯಾರು, ಇಷ್ಟೇ ಕೇಳುತ್ತೇನೆ. ಅಜ್ಜಿ ಉಳಿಯುವ ಮನೆಯಾದರೆ ಅರ್ಧ ದಾರಿ ಸಿಕ್ಕಂತೆ. ಅಜ್ಜಿಗೆ ಇರುವ ಭಯ ಮಗುವಿನ ಹೊಟ್ಟೆಯದು. ಬೆಳಿಗ್ಗೆ ಶಾಲೆಯಲ್ಲಿ ಹಾಲು, ಮಧ್ಯಾಹ್ನ ಅನ್ನ ಸಾರು, ನೀವು ರಾತ್ರಿದೊಂದು ನೋಡಿಕೊಳ್ಳಿ ಅಂದರೆ ಒಪ್ಪುತ್ತಾರೆ. ಬಿಸಿಯೂಟ ನಮ್ಮ ರಾಜ್ಯದಲ್ಲಿ ಮೊದಲು ಶುರುವಾಗಿದ್ದು ನಮ್ಮ ಭಾಗದ ಜಿಲ್ಲೆಗಳಲ್ಲೇ, 2002ರಲ್ಲಿ. ಹಾಲು 2013ರಲ್ಲಿ ಬಂತು. 2021ರ ಡಿಸೆಂಬರಿನಲ್ಲಿ ಮೊಟ್ಟೆ ಸೇರಿತು. ಆಗ ಮೊಟ್ಟೆ ಕೊಡುವ ದಿನ ಹಾಜರಿ ಜಾಸ್ತಿ ಇರುತ್ತಿತ್ತು, ಅದನ್ನು ನೋಡಿಯೇ ನಂಬಬೇಕಿತ್ತು.

ಇನ್ನೊಂದು ಕೆಲಸ ನನ್ನದಲ್ಲ ಅಂತ ಕೆಲವರು ಹೇಳಿದರು, ಆದರೆ ನಾನು ಬಿಡಲಿಲ್ಲ. ಊರಲ್ಲೇ ಕೂಲಿ ಸಿಕ್ಕರೆ ಯಾರೂ ಸುಮ್ನೆ ಬೆಂಗಳೂರಿಗೆ ಹೋಗುವುದಿಲ್ಲ. ಆಗ ಉದ್ಯೋಗ ಖಾತ್ರಿ ಕೆಲಸ ಬೇಕಾದರೆ ಪಂಚಾಯ್ತಿಗೆ ನಮೂನೆ 6ರಲ್ಲಿ ಅರ್ಜಿ ಕೊಡಬೇಕಿತ್ತು, ಕೊಟ್ಟ 15 ದಿನದೊಳಗೆ ಕೆಲಸ ಕೊಡಬೇಕು ಅನ್ನುವುದು ಕಾಯ್ದೆಯಾಗಿತ್ತು. ಅರ್ಜಿ ಬರೆಯುವವರೇ ಇರಲಿಲ್ಲ. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಏಳನೇ ತರಗತಿಯ ಮಕ್ಕಳನ್ನು ಕೂರಿಸಿದೆ. ಅಪ್ಪ ಅಮ್ಮಂದಿರು ಹೇಳಿದರು, ಮಕ್ಕಳು ಬರೆದರು. ಒಬ್ಬ ಹುಡುಗ ತನ್ನ ಅವ್ವನ ಹೆಸರನ್ನು ಬರೆದು, ಬೆರಳಿಟ್ಟು ತೋರಿಸಿ, "ಇದು ನೀನೇ ಬೇ" ಅಂದ. ಆಯಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಆ ಅಕ್ಷರಗಳನ್ನು ಮುಟ್ಟಿ ನೋಡಿದರು. ಎಲ್ಲರಿಗೂ ಕೆಲಸ ಸಿಗಲಿಲ್ಲ. ಸಿಕ್ಕ ಮನೆಯವರು ಆ ವರ್ಷ ಊರಲ್ಲೇ ಉಳಿದರು.

ಹೋಗುವವರು ಹೋಗಿಯೇ ಹೋಗುತ್ತಾರೆ. ಅಂಥ ಪ್ರತಿ ಮಗುವಿನ ಕೈಗೆ ಒಂದು ಚೀಟಿ ಕೊಡುತ್ತೇನೆ. ಹೆಸರು, ತರಗತಿ, ಇಲಾಖೆಯ ದಾಖಲೆಯಲ್ಲಿ ಮಗುವಿಗಿರುವ ಸ್ಯಾಟ್ಸ್ ನಂಬರ್, ನನ್ನ ಫೋನ್ ನಂಬರ್. ಟಿಸಿ ಇಲ್ಲ ಅಂತ ಯಾವ ಸರ್ಕಾರಿ ಶಾಲೆಯೂ ಮಗುವನ್ನು ವಾಪಸ್ ಕಳಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಇದನ್ನು ಅಪ್ಪ ಅಮ್ಮನಿಗೆ ಎರಡು ಸಲ ಹೇಳುತ್ತೇನೆ. ಜೊತೆಗೆ ಒಂದು ನೋಟ್‌ಬುಕ್. ಅಲ್ಲಿ ಕಂಡ ಬೋರ್ಡು, ಬಸ್ಸಿನ ಹೆಸರು, ಅಂಗಡಿಯ ಹೆಸರು ದಿನಕ್ಕೆ ಐದು ಬರೆದುಕೊಂಡು ಬಾ ಅನ್ನುತ್ತೇನೆ.

ತರಗತಿಯಲ್ಲಿ ಅವರ ಹೆಸರು ಕೂಗುವುದನ್ನು ನಿಲ್ಲಿಸಿಲ್ಲ. ಪುಸ್ತಕದಲ್ಲಿ ಬೀಳುವುದು ಗೈರೇ. ಆದರೆ ಹೆಸರು ಬಂದಾಗ ಉಳಿದ ಮಕ್ಕಳೆಲ್ಲ ಸೇರಿ "ಬೆಂಗಳೂರಾಗ್ರೀ" ಅನ್ನುತ್ತಾರೆ. ಹೀಗೆ ನಾಲ್ಕು ತಿಂಗಳು.

ತಿರುಗಿ ಬಂದಾಗ ಎಲ್ಲಿಗೆ ಹೋಗಿದ್ದೆ ಅಂತ ಗದರುವುದಿಲ್ಲ. ಒಂದರಿಂದ ಮೂರನೇ ತರಗತಿವರೆಗೆ ತೊಂದರೆ ಕಡಿಮೆ. ಅಲ್ಲಿ ಆಡುತ್ತ, ತನ್ನ ವೇಗದಲ್ಲಿ ಕಲಿಯುವ ನಲಿಕಲಿ ಪದ್ಧತಿ ಇದೆ. ಮಗು ಯಾವ ಮೈಲುಗಲ್ಲಿನಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ, ಗುಂಪು ಮುಂದೆ ಹೋಯಿತು ಅನ್ನುವ ಭಯ ಇಲ್ಲ. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಇದನ್ನು ಶುರು ಮಾಡಿದವರಿಗೆ ಶಾಲೆ ಬಿಟ್ಟು ಬಿಟ್ಟು ಬರುವ ಮಕ್ಕಳ ಕಷ್ಟ ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತದೆ. ನಾಲ್ಕನೇ ತರಗತಿಯಿಂದ ಆ ಅನುಕೂಲ ಇಲ್ಲ. ಅದಕ್ಕೆ ಗಣಿತಕ್ಕೊಂದು, ಕನ್ನಡಕ್ಕೊಂದು ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ಸಣ್ಣ ಏಣಿಯನ್ನು ನಾನೇ ರಟ್ಟಿನ ಮೇಲೆ ಬರೆದು ಗೋಡೆಗೆ ಹಾಕಿದ್ದೇನೆ. ಬಂದ ಮಗುವಿಗೆ ತರಗತಿಯದೇ ಒಬ್ಬ ಗೆಳೆಯ ಜೊತೆ. ಆ ನೋಟ್‌ಬುಕ್ಕಿನ ಬೋರ್ಡುಗಳನ್ನು ಆ ವಾರ ಇಡೀ ತರಗತಿಯೇ ಓದುತ್ತದೆ. ಕಳೆದ ಸಲ ಒಬ್ಬ ಹುಡುಗ ಯಶವಂತಪುರದಿಂದ ಹೆಬ್ಬಾಳದವರೆಗಿನ ಬಸ್ ಸ್ಟಾಪುಗಳನ್ನು ಬರೆದು ತಂದಿದ್ದ. ಎರಡು ಕಡೆ ಒತ್ತಕ್ಷರ ತಪ್ಪಿತ್ತು. ತಿದ್ದಿದ್ದು ಅವನ ಪಕ್ಕ ಕೂತ ಹುಡುಗಿ.

ಇವತ್ತಿಗೂ ನನ್ನ ಕೈಗೆ ಸಿಗದ ಮಕ್ಕಳು ಅಂದರೆ ದೊಡ್ಡ ಹುಡುಗಿಯರು. ತಾಯಿ ಇಟ್ಟಿಗೆ ಹೊರಬೇಕಾದರೆ ಹಾಲು ಕುಡಿಯುವ ಕೂಸನ್ನು ಎತ್ತಿಕೊಳ್ಳಲು ಅಕ್ಕ ಬೇಕು. "ಕೂಸಿನ್ನ ಯಾರ ಕೈಯಾಗ ಕೊಡ್ಲಿ ಅಕ್ಕೋರ, ನೀವ ಹೇಳ್ರಿ" ಅಂತ ಹೋದ ವರ್ಷ ಒಬ್ಬ ತಾಯಿ ಕೇಳಿದರು. ಉತ್ತರ ಕೊಡಲಾಗಲಿಲ್ಲ. ಅವರ ಮಗಳು ಆರನೇ ತರಗತಿ, ಲೆಕ್ಕದಲ್ಲಿ ಬಲು ಚುರುಕು. ಈ ಸಲ ಗಣೇಶನ ಹಬ್ಬಕ್ಕೆ ಮೊದಲೇ ಆ ಮನೆಗೆ ಹೋಗುತ್ತಿದ್ದೇನೆ. ಅಂಗನವಾಡಿ ಟೀಚರ್ ಕೂಡ ಜೊತೆಗೆ ಬರುತ್ತೇನೆ ಅಂದಿದ್ದಾರೆ.